ಬರಬೇಕಾದ ಬಾಕಿಯ ಪುಟ

ದಾವಣಗೆರೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ನನ್ನ ಸೋದರಮಾವ 2008ರ ಜನವರಿ ಮೊದಲ ವಾರ ಒಂದು ಕಟ್ಟಡ ನಿರ್ಮಾಣ ಕಂಪನಿಯ 500 ಷೇರುಗಳನ್ನು ತಲಾ 240 ರೂಪಾಯಿಗೆ ಕೊಂಡರು. ಆ 1,20,000 ರೂಪಾಯಿಯನ್ನು ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಅವರು ಬರೆದದ್ದು ‘ಬರಬೇಕಾದ ಬಾಕಿ’ ಎಂಬ ಪುಟದಲ್ಲಿ, ಉದ್ರಿ ಗಿರಾಕಿಗಳ ಹೆಸರಿನ ಕೆಳಗೆ. ಆ ವರ್ಷದ ದೀಪಾವಳಿ ಹೊತ್ತಿಗೆ ಷೇರು 30 ರೂಪಾಯಿಗೆ ಇಳಿದಿತ್ತು. ಮಾರಿಬಿಡಿ ಮಾಮ ಎಂದೆ. “ಅಸಲು ಬರ್ಲಿ ತಡಿಯಪ್ಪ, ಆಮೇಲೆ ಮಾರಿದ್ರಾತು” ಅಂದರು.

ಷೇರುಪೇಟೆ ಕುಸಿದಾಗಲೆಲ್ಲ ಈ ಮಾತನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ತಾಳ್ಮೆಯ ಮಾತಿನಂತೆ ಕೇಳಿಸುತ್ತದೆ, ಅದಕ್ಕೇ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಬಿದ್ದ ಷೇರನ್ನು ಅಸಲು ಬರುವವರೆಗೆ ಇಟ್ಟುಕೊಳ್ಳಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಷೇರಿನ ಮಟ್ಟಿಗೆ ಅಸಲು ಎಂಬುದೇ ಇಲ್ಲ.

ಅಸಲು ಸಾಲದ ಲೋಕದ ಮಾತು. ಕೈಗಡ ಕೊಟ್ಟರೆ, ಚೀಟಿ ಕಟ್ಟಿದರೆ, ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಎದುರಿಗೆ ಒಬ್ಬ ಬಾಕಿದಾರನಿರುತ್ತಾನೆ. ಬಡ್ಡಿ ಬಿಟ್ಟರೂ ಅಸಲು ಬಿಡಬಾರದೆಂಬ ನಮ್ಮ ಹಿರಿಯರ ಹಟಕ್ಕೆ ಅಲ್ಲಿ ಅರ್ಥವಿದೆ. ಷೇರು ಕೊಂಡವನು ಯಾರಿಗೂ ಸಾಲ ಕೊಟ್ಟಿರುವುದಿಲ್ಲ, ಒಂದು ವ್ಯಾಪಾರದಲ್ಲಿ ಪಾಲು ಪಡೆದಿರುತ್ತಾನೆ. ಅವನಿಗೆ ಷೇರು ಮಾರಿದವನು ಹಣ ತೆಗೆದುಕೊಂಡು ಹೋಗಿಯಾಯಿತು. 240 ರೂಪಾಯಿ ಎಂಬ ಅಂಕಿ ಈಗ ಉಳಿದಿರುವುದು ಕೊಂಡವನ ನೆನಪಿನಲ್ಲಿ ಮತ್ತು ಅವನ ಡಿಮ್ಯಾಟ್ ಖಾತೆಯ ಕೆಂಪು ಸಾಲಿನಲ್ಲಿ. ಕಂಪನಿಗೆ ಅದು ಗೊತ್ತಿಲ್ಲ, ಪೇಟೆಗೂ ಗೊತ್ತಿಲ್ಲ.

ಗಣಿತವೂ ನಿಷ್ಠುರವಾಗಿದೆ. ಅರ್ಧಕ್ಕೆ ಇಳಿದ ಷೇರು ಮೊದಲಿನ ಬೆಲೆಗೆ ಬರಲು ದುಪ್ಪಟ್ಟಾಗಬೇಕು. ಶೇ 90ರಷ್ಟು ಇಳಿದದ್ದು ಹತ್ತು ಪಟ್ಟಾಗಬೇಕು. ಬಂದಿತೆಂದೇ ಇಟ್ಟುಕೊಳ್ಳೋಣ. ಹನ್ನೆರಡು ವರ್ಷಗಳ ನಂತರ ಕೈಸೇರುವ 1,20,000 ಹಳೆಯ 1,20,000 ಆಗಿರುವುದಿಲ್ಲ. ಶೇ 7ರ ಬಡ್ಡಿಯ ಸಾಮಾನ್ಯ ಠೇವಣಿಯಲ್ಲಿಯೂ ಹಣ ಹೆಚ್ಚುಕಡಿಮೆ ಹತ್ತು ವರ್ಷಕ್ಕೆ ಎರಡರಷ್ಟಾಗುತ್ತದೆ. ಅಸಲು ಬಂತೆಂದು ಸಮಾಧಾನಪಟ್ಟುಕೊಳ್ಳುವವನು ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡೇ ಸಮಾಧಾನಪಟ್ಟಿರುತ್ತಾನೆ.

ಇದಕ್ಕೆ ಬಲವಾದ ಎದುರುವಾದವೊಂದಿದೆ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,935 ಅಂಶ ಕುಸಿದು 25,981ಕ್ಕೆ ಬಂದು ನಿಂತಿತು. ಅಂದು ಹೆದರಿ ಮಾರಿದವರು ಪೆಟ್ಟು ತಿಂದರು; ಸುಮ್ಮನೆ ಕುಳಿತವರು ನವೆಂಬರಿನಲ್ಲಿ ಅದು ಹಳೆಯ ದಾಖಲೆ ಮುರಿದದ್ದನ್ನು ಕಂಡರು. ಹಾಗಾದರೆ ಕಾಯುವುದೇ ಸರಿಯಲ್ಲವೇ? ಹಾಗೆ ಕೇಳುವವರಲ್ಲಿ ಹೆಚ್ಚಿನವರು ಆಮೇಲೆ ಬಂದವರು: ದೇಶದಲ್ಲಿ ಆಗ ಇದ್ದದ್ದು ಸುಮಾರು 4 ಕೋಟಿ ಡಿಮ್ಯಾಟ್ ಖಾತೆ. 2024ರ ಹೊತ್ತಿಗೆ 15 ಕೋಟಿ ದಾಟಿದವು. ಇವತ್ತಿನ ಹೂಡಿಕೆದಾರರಲ್ಲಿ ಬಹುಪಾಲು ಜನರಿಗೆ ಕುಸಿತವೆಂದರೆ ಎಂಟು ತಿಂಗಳಲ್ಲಿ ವಾಸಿಯಾಗುವ ಜ್ವರ. ನನಗೆ ಭಯವಿರುವುದು ಇಲ್ಲೇ. 2008ರ ಜನವರಿ 8ರಂದು 20,873ರಲ್ಲಿ ಮುಗಿದ ಸೆನ್ಸೆಕ್ಸ್ 2009ರ ಮಾರ್ಚ್ 9ಕ್ಕೆ 8,160ಕ್ಕೆ ಇಳಿದಿತ್ತು. 2010ರ ದೀಪಾವಳಿಯ ಮುಹೂರ್ತದ ವಹಿವಾಟಿನಲ್ಲಿ 21,000 ಮುಟ್ಟಿ ಮತ್ತೆ ಜಾರಿತು. ಹಳೆಯ ಎತ್ತರವನ್ನು ದಾಟಿ ನಿಂತದ್ದು 2013ರ ಕೊನೆಗೆ. ಸುಮಾರು ಆರು ವರ್ಷ! ಮಗಳ ಕಾಲೇಜು ಶುಲ್ಕ, ಮನೆಯ ಮುಂಗಡ, ಅಪ್ಪನ ಶಸ್ತ್ರಚಿಕಿತ್ಸೆ ಯಾವುದೂ ಆರು ವರ್ಷ ಕಾಯುವುದಿಲ್ಲ.

‘ಪೇಟೆ ಚೇತರಿಸಿಕೊಂಡಿತು’ ಎಂಬ ಮಾತಿನ ಒಳಗೆ ಇನ್ನೊಂದು ಸಂಗತಿ ಅಡಗಿದೆ. ಚೇತರಿಸಿಕೊಂಡದ್ದು ಸೂಚ್ಯಂಕ, ಅದರಲ್ಲಿದ್ದ ಎಲ್ಲ ಕಂಪನಿಗಳೂ ಅಲ್ಲ. ಸೂಚ್ಯಂಕ ಅಸಲಿಗಾಗಿ ಕಾಯುವುದಿಲ್ಲ, ಸೋತವರನ್ನು ಹೊರಗೆ ಹಾಕಿ ಮುಂದೆ ಹೋಗುತ್ತದೆ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗರಾಜು ಲೆಕ್ಕಪತ್ರದ ವಂಚನೆಯನ್ನು ಒಪ್ಪಿಕೊಂಡ ಬೆನ್ನಲ್ಲೇ ಆ ಕಂಪನಿ ಸೆನ್ಸೆಕ್ಸ್ ಪಟ್ಟಿಯಿಂದ ಹೊರಬಿತ್ತು. ಅದೇ ಪಟ್ಟಿಯಲ್ಲಿದ್ದ ರಿಲಯನ್ಸ್ ಕಮ್ಯುನಿಕೇಷನ್ಸ್ ಹೊರಬಿದ್ದು, 2019ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. 2008ರ ಜನವರಿಯಲ್ಲಿ 1,200 ರೂಪಾಯಿ ಆಸುಪಾಸಿನಲ್ಲಿದ್ದ ಡಿಎಲ್‌ಎಫ್, 2023ರ ಡಿಸೆಂಬರಿನಲ್ಲಿ ಸೆನ್ಸೆಕ್ಸ್ 70,000 ದಾಟಿದಾಗಲೂ ಆ ಬೆಲೆಗೆ ಮರಳಿರಲಿಲ್ಲ. ಸೂಚ್ಯಂಕದ ಚರಿತ್ರೆಯನ್ನು ತೋರಿಸಿ ಒಂದು ಕಂಪನಿಗಾಗಿ ಕಾಯುವುದು ಊರಿನ ಮಳೆ ಲೆಕ್ಕ ಹೇಳಿ ಒಂದು ಹೊಲದ ಫಸಲನ್ನು ನಂಬಿದಂತೆ. ಮಳೆ ಹೋದ ವರ್ಷ ಎಲ್ಲರ ಹೊಲವೂ ಒಣಗುತ್ತದೆ, ಆಗ ಯಾವುದನ್ನೂ ಕಿತ್ತು ಹಾಕಬೇಕಿಲ್ಲ. ಮಳೆ ಬಂದು ಊರೆಲ್ಲ ಹಸಿರಾದ ಮೇಲೂ ನಮ್ಮದೊಂದೇ ಒಣಗಿ ನಿಂತಿದ್ದರೆ ದೂರಬೇಕಾದದ್ದು ಮಳೆಯನ್ನಲ್ಲ.

ಹಾಗಾಗಿ ಕುಸಿದ ವಾರದಲ್ಲೇ ಮಾರುವುದನ್ನು ನಾನು ಒಪ್ಪುವುದಿಲ್ಲ. ಮೂರು ನಾಲ್ಕು ತ್ರೈಮಾಸಿಕ ಫಲಿತಾಂಶ ಬರಲಿ. ಆಮೇಲೆ ಬೆಲೆಯನ್ನು ಬಿಟ್ಟು ಕಂಪನಿಯನ್ನು ನೋಡಬೇಕು. ಪುಸ್ತಕದಲ್ಲಿ ಕಾಣುವ ಲಾಭ ನಗದಾಗಿ ಬರುತ್ತಿದೆಯೇ? ಮಾರಾಟ ನಿಂತಲ್ಲೇ ನಿಂತು ಸಾಲ ಮಾತ್ರ ಬೆಳೆಯುತ್ತಿದೆಯೇ? ಪ್ರವರ್ತಕರು ತಮ್ಮ ಷೇರುಗಳನ್ನು ಅಡವಿಟ್ಟಿದ್ದಾರೆಯೇ? ಕೊನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಬೆಲೆ ಇಳಿದಾಗ ಅಡವು ಹಿಡಿದವರು ಷೇರು ಮಾರುತ್ತಾರೆ, ಅದರಿಂದ ಬೆಲೆ ಮತ್ತೆ ಇಳಿಯುತ್ತದೆ. ಸಣ್ಣ ಹೂಡಿಕೆದಾರ ಈ ಸುಳಿಯಿಂದ ಹೊರಬರುವುದು ಕಷ್ಟ. ಸತ್ಯಂ ಪ್ರಕರಣದ ನಂತರ, 2009ರಲ್ಲಿ, ಷೇರುಪೇಟೆ ನಿಯಂತ್ರಕ ಸೆಬಿ ಅಡವಿನ ವಿವರ ಬಹಿರಂಗಪಡಿಸುವುದನ್ನು ಕಡ್ಡಾಯ ಮಾಡಿತು. ಈಗ ಅದು ಪ್ರತಿ ತ್ರೈಮಾಸಿಕದ ಷೇರುದಾರಿಕೆ ಪಟ್ಟಿಯಲ್ಲಿ ಯಾರಿಗೂ ಸಿಗುತ್ತದೆ. ನೋಡುವವರು ಕಡಿಮೆ.

ಬದಲಿಗೆ ಜನ ಮಾಡುವುದು ‘ಅವರೇಜ್’. 240ಕ್ಕೆ ಕೊಂಡ 500 ಷೇರಿನ ಜೊತೆ 80ಕ್ಕೆ ಇನ್ನೂ 500 ಸೇರಿಸಿದರೆ ಸರಾಸರಿ 160ಕ್ಕೆ ಇಳಿಯುತ್ತದೆ. ಅಸಲು ಹತ್ತಿರ ಬಂದಂತೆ ತೋರುತ್ತದೆ. ಹಾಗೆ ಕೊಳ್ಳಲು ಹಣ ಎಲ್ಲಿಂದ? ಚೆನ್ನಾಗಿ ಏರಿದ ಷೇರನ್ನು ಮಾರಿ. 1985ರಲ್ಲಿ ಸಂಶೋಧಕರಾದ ಹರ್ಶ್ ಶೆಫ್ರಿನ್ ಮತ್ತು ಮೈಯರ್ ಸ್ಟ್ಯಾಟ್‌ಮನ್ ಈ ಪ್ರವೃತ್ತಿಯನ್ನು ವಿವರಿಸಿದರು. 1998ರಲ್ಲಿ ಟೆರೆನ್ಸ್ ಒಡೀನ್ ಅಮೆರಿಕದ 10,000 ಖಾತೆಗಳನ್ನು ಪರಿಶೀಲಿಸಿ, ಲಾಭಕ್ಕೆಂದು ಮಾರಿಬಿಟ್ಟ ಷೇರುಗಳು ನಷ್ಟದಲ್ಲಿ ಹಿಡಿದುಕೊಂಡವಕ್ಕಿಂತ ಮುಂದಿನ ವರ್ಷದಲ್ಲಿ ಸರಾಸರಿ ಶೇ 3.4ರಷ್ಟು ಹೆಚ್ಚು ಗಳಿಸಿದವೆಂದು ತೋರಿಸಿದರು. ತಪ್ಪನ್ನು ಒಪ್ಪಿಕೊಳ್ಳುವ ನೋವು ನಮಗೆಲ್ಲ ಒಂದೇ ತೆರನಾಗಿದೆ.

ಕಾಯುವವನ ಕೈಯಿಂದ ಮಾರುವ ಆಯ್ಕೆಯೂ ತಪ್ಪಿಹೋಗಬಹುದು. 2018ರ ಆಗಸ್ಟಿನಲ್ಲಿ 400 ರೂಪಾಯಿಯ ಹತ್ತಿರವಿದ್ದ ಯೆಸ್ ಬ್ಯಾಂಕ್ ಷೇರು 2020ರ ಮಾರ್ಚ್ 6ರ ವಹಿವಾಟಿನಲ್ಲಿ ಒಂದಂಕಿ ಬೆಲೆಗೆ ಇಳಿಯಿತು. ಆಮೇಲೆ ಬಂದ ಪುನಶ್ಚೇತನ ಯೋಜನೆ 100 ಅಥವಾ ಅದಕ್ಕಿಂತ ಹೆಚ್ಚು ಷೇರುಗಳಿದ್ದವರ ಶೇ 75ರಷ್ಟನ್ನು ಮೂರು ವರ್ಷ ಮಾರದಂತೆ ಕಟ್ಟಿಹಾಕಿತು.

ನಷ್ಟಕ್ಕೆ ಮಾರಿದರೆ ಸಿಗುವ ಒಂದು ಉಪಯೋಗವನ್ನೂ ಹೇಳಬೇಕು. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಷೇರಿನ ನಷ್ಟವನ್ನು ಅಂಥದೇ ದೀರ್ಘಾವಧಿ ಲಾಭದಿಂದ ಕಳೆಯಬಹುದು. ಸಕಾಲದಲ್ಲಿ ತೆರಿಗೆ ವಿವರ ಸಲ್ಲಿಸಿದ್ದರೆ ಉಳಿದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು.

ಎರಡು ಕುಸಿತಗಳ ನಂತರ ನನ್ನ ಹೂಡಿಕೆಯಲ್ಲಿ ನಾನು ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ. ಆರು ವರ್ಷದೊಳಗೆ ಬೇಕಾಗುವ ಹಣ ಷೇರಿನಲ್ಲಿಲ್ಲ. 2008ರಿಂದ 2013ರವರೆಗಿನ ಆ ಕಾಯುವಿಕೆಯೇ ಈ ಅಳತೆಯನ್ನು ಕೊಟ್ಟದ್ದು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸೂಚ್ಯಂಕ ಫಂಡಿನಲ್ಲಿದೆ, ಸೋತವರನ್ನು ಹೊರಹಾಕುವ ಕೆಲಸವನ್ನು ಅದು ನನ್ನ ಕೈ ನಡುಗದಂತೆ ಮಾಡುತ್ತದೆ. ನಾನೇ ಆರಿಸುವ ಷೇರುಗಳಲ್ಲಿ ಯಾವುದೂ ಇಡೀ ಹೂಡಿಕೆಯ ಇಪ್ಪತ್ತರಲ್ಲಿ ಒಂದು ಭಾಗವನ್ನು ಮೀರುವಂತಿಲ್ಲ. ಪ್ರತಿ ಮಾರ್ಚ್‌ನಲ್ಲಿ ಪಟ್ಟಿಯನ್ನು ಕೊಂಡ ಬೆಲೆಯ ಕಾಲಂ ಇಲ್ಲದೆ ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಆ ಕಾಲಂ ಕಣ್ಣೆದುರು ಇಲ್ಲದಾಗ ಕಂಪನಿಯನ್ನು ಕಂಪನಿಯಾಗಿ ನೋಡುವುದು ಎಷ್ಟು ಸುಲಭವೆಂದು ಮೊದಲ ಸಲ ಮಾಡಿದಾಗಲೇ ತಿಳಿಯಿತು.

2021ರ ಮಾರ್ಚ್‌ನಲ್ಲಿ ಆ ಕಾಗದವನ್ನು ಮಾಮನಿಗೂ ಬರೆದುಕೊಟ್ಟೆ. ತುಂಬ ಹೊತ್ತು ನೋಡಿದರು. ಮರುದಿನ 500 ಷೇರನ್ನೂ 9 ರೂಪಾಯಿಯಂತೆ ಮಾರಿದರು. 4,500 ರೂಪಾಯಿ ಸೂಚ್ಯಂಕ ಫಂಡಿಗೆ ಹೋಯಿತು. ಸಂಜೆ ಲೆಕ್ಕದ ಪುಸ್ತಕ ತೆಗೆದು, ಬರಬೇಕಾದ ಬಾಕಿಯ ಪುಟದಲ್ಲಿದ್ದ ಹದಿಮೂರು ವರ್ಷದ ಹಳೆಯ ಸಾಲನ್ನು ಹೊಡೆದುಹಾಕಿ, “ಇದನ್ನ ಎಲ್ಲಿ ಬರೀಲಪ್ಪ ಈಗ?” ಎಂದು ಕೇಳಿದರು. ನಾನು ಹೇಳುವ ಮೊದಲೇ ಪುಟ ಮಗುಚಿ, ಹರಿಹರದ ಕಡೆಯ ಮೆಕ್ಕೆಜೋಳದ ಹೊಲಕ್ಕೆ ಬೀಜ, ಗೊಬ್ಬರದ ಖರ್ಚು ಬರೆಯುವಲ್ಲಿ ಅದನ್ನು ಬರೆದುಕೊಂಡರು.