ಜಿನೀವಾದ ತಕ್ಕಡಿ

"ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೊಡ್ಡ ದೇಶ, ಸಣ್ಣ ದೇಶ ಎಂಬ ಭೇದವಿಲ್ಲ. ಅಮೆರಿಕಕ್ಕೂ ಒಂದೇ ಓಟು, ಆಫ್ರಿಕದ ಮಾಲಿ ದೇಶಕ್ಕೂ ಒಂದೇ ಓಟು. ಹೀಗಿರುವಾಗ ನೀವು ಸಮಾಜವಾದಿಗಳು ಗದ್ದಲ ಎಬ್ಬಿಸುವುದೇಕೆ?"

ಹೀಗೆಂದು ನಮ್ಮನ್ನು ಕೇಳತಕ್ಕ ವಿದ್ಯಾವಂತರು ಈ ಊರಿನಲ್ಲಿ ಅನೇಕರಿದ್ದಾರೆ. ಕೇಳುವವರು ಕೆಟ್ಟವರೇನೂ ಅಲ್ಲ. ಕಾಗದದ ಮೇಲೆ ಇರುವುದನ್ನು ಓದಿದ್ದಾರೆ, ಅಷ್ಟೆ. ಕಾಗದದ ಮೇಲೆ ಇರುವುದೂ ನಿಜವೇ. ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಬಂಡವಾಳ ಹಾಕಿದಷ್ಟು ಓಟು. ಅಲ್ಲಿ ಮುಖ್ಯ ನಿರ್ಣಯಗಳಿಗೆ ನೂರಕ್ಕೆ 85 ಓಟು ಬೇಕು, ಅಮೆರಿಕವೊಂದರ ಕೈಯಲ್ಲಿಯೇ ನೂರಕ್ಕೆ 16ಕ್ಕೂ ಹೆಚ್ಚು ಓಟುಗಳಿವೆ. ಆದ್ದರಿಂದ ಅದು ಬೇಡವೆಂದರೆ ಬೇಡ. ಜಿನೀವಾದಲ್ಲಿರುವ ವ್ಯಾಪಾರ ಸಂಸ್ಥೆಯ ಲೆಕ್ಕ ಬೇರೆ. 166 ಸದಸ್ಯರು, ತಲೆಗೊಂದು ಓಟು. ಆದರೆ ಆ ಓಟನ್ನು ಅಲ್ಲಿ ಹಾಕಿಸುವ ವಾಡಿಕೆಯೇ ಇಲ್ಲವೆಂಬುದನ್ನು ನಮ್ಮ ವಿದ್ಯಾವಂತರು ಹೇಳುವುದಿಲ್ಲ. ಸರ್ವಾನುಮತ ಎಂದು ಅದಕ್ಕೆ ಹೆಸರು. ಸಭೆಯಲ್ಲಿ ಕೂತ ಯಾರೂ ಬಾಯಿ ಬಿಟ್ಟು ಬೇಡವೆನ್ನದಿದ್ದರೆ ಎಲ್ಲರೂ ಒಪ್ಪಿದರೆಂದು ಬರೆದುಕೊಳ್ಳುತ್ತಾರೆ. ಸಾಲ ಕೊಟ್ಟ ಸಾಹುಕಾರ ಎದುರಿಗೇ ಕೂತಿರುವ ಪಂಚಾಯಿತಿಯಲ್ಲಿ ಸಾಲಗಾರ ಎಷ್ಟು ಬಾಯಿ ಬಿಟ್ಟಾನು?

ಈ ಸಂಸ್ಥೆಯ ಬೇರನ್ನು ನೋಡೋಣ. 1947ನೆಯ ಇಸವಿ ಅಕ್ಟೋಬರ್ 30ರಂದು ಜಿನೀವಾದಲ್ಲಿ 23 ದೇಶಗಳು ಗ್ಯಾಟ್ ಎಂಬ ಸುಂಕ ಮತ್ತು ವ್ಯಾಪಾರದ ಒಪ್ಪಂದವನ್ನು ಮಾಡಿಕೊಂಡುವು. ಸ್ವತಂತ್ರವಾಗಿ ಎರಡೂವರೆ ತಿಂಗಳಾಗಿದ್ದ ಭಾರತವೂ ಆ 23ರಲ್ಲಿ ಒಂದು. ಅದರ ಮೊದಲನೆಯ ವಿಧಿಗೆ ಪರಮಾಪ್ತ ರಾಷ್ಟ್ರದ ವಿಧಿ ಎಂದು ದೊಡ್ಡ ಹೆಸರಿದ್ದರೂ ಅರ್ಥ ಯಾವ ಕಿರಾಣಿ ಅಂಗಡಿಯವನಿಗಾದರೂ ತಿಳಿಯತಕ್ಕದ್ದು: ಅತ್ಯಂತ ಬೇಕಾದ ಗಿರಾಕಿಗೆ ಯಾವ ದರವೋ ಎಲ್ಲ ಗಿರಾಕಿಗೂ ಅದೇ ದರ. ಹನ್ನೊಂದನೆಯ ವಿಧಿ ಇನ್ನೊಂದು ಮಾತು ಹೇಳುತ್ತದೆ. ಪರದೇಶದ ಸರಕಿಗೆ ಅಡ್ಡಿ ಹಾಕುವುದಾದರೆ ಸುಂಕದ ಮೂಲಕ ಹಾಕು. ವರ್ಷಕ್ಕೆ ಇಷ್ಟೇ ಗಂಟು ಒಳಗೆ ಬರಲಿ ಎಂದು ಎಣಿಸಿ ಬಾಗಿಲು ಮುಚ್ಚಬೇಡ. ಈ ಎರಡೂ ವಿಧಿಗಳಲ್ಲಿ ನಾವು ತಪ್ಪು ಕಾಣುವುದಿಲ್ಲ. ನಿಯಮ ಎಂದರೆ ಹೀಗೆಯೇ ಇರಬೇಕು. ನಮ್ಮ ತಕರಾರು ಇರುವುದು ನಿಯಮದ ಮೇಲಲ್ಲ, ನಿಯಮಕ್ಕೆ ಯಾರು ಯಾರು ಹೊರಗಾದರು ಎಂಬುದರ ಮೇಲೆ.

ಕಾರ್ಮಿಕ ಬಂಧುಗಳಿಗೆ ಇಲ್ಲಿ ಒಂದು ಸಂಗತಿಯನ್ನು ತಿಳಿಸಲೇಬೇಕು. ಗ್ಯಾಟ್ ಒಪ್ಪಂದ ಒಂಟಿಯಾಗಿ ನಿಲ್ಲಬೇಕಾಗಿದ್ದ ಕಾಗದವಲ್ಲ. 1948ರ ಮಾರ್ಚಿಯಲ್ಲಿ ಕ್ಯೂಬಾದ ಹವಾನಾ ನಗರದಲ್ಲಿ 53 ದೇಶಗಳು ಇನ್ನೂ ದೊಡ್ಡದೊಂದು ಸನ್ನದಿಗೆ ಸಹಿ ಹಾಕಿದ್ದುವು. ಅದರಲ್ಲಿ ಉದ್ಯೋಗಕ್ಕೇ ಒಂದು ಅಧ್ಯಾಯವಿತ್ತು; ಕೆಲಸಗಾರನನ್ನು ನ್ಯಾಯವಾಗಿ ನಡೆಸಿಕೊಳ್ಳಬೇಕೆಂದು ಒಂದು ವಿಧಿಯೂ ಇತ್ತು. ಅಮೆರಿಕದ ಕಾಂಗ್ರೆಸ್ಸು ಅದಕ್ಕೆ ಒಪ್ಪಿಗೆ ಕೊಡಲಿಲ್ಲ. 1950ರ ಡಿಸೆಂಬರ್‌ನಲ್ಲಿ ಟ್ರೂಮನ್ ಸರ್ಕಾರ ಅದನ್ನು ಕೈಬಿಟ್ಟಿತು. ದುಡಿಯುವವನ ಹೆಸರಿದ್ದ ಪುಸ್ತಕ ಹೋಯಿತು, ಸುಂಕದ ಲೆಕ್ಕವಿದ್ದ ಹಾಳೆಗಳು ಮಾತ್ರ ಉಳಿದುವು. ಆ ಹಾಳೆಗಳೇ ಬೆಳೆದು 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಾಯಿತು.

ಈಗ ಬಟ್ಟೆಯ ಕಥೆಗೆ ಬರೋಣ. ಇದು ನೂಲು ತೆಗೆದವರೂ ಮಗ್ಗದ ಮುಂದೆ ನಿಂತವರೂ ಗಮನವಿಟ್ಟು ಕೇಳಬೇಕಾದ ಕಥೆ.

ಹೊಸದಾಗಿ ಸ್ವತಂತ್ರವಾದ ದೇಶಗಳು ಪರದೇಶಕ್ಕೆ ಮಾರಬಹುದಾಗಿದ್ದ ಕಾರ್ಖಾನೆಯ ಸರಕು ಎಂದರೆ ಮೊದಲಿಗೆ ಹತ್ತಿಬಟ್ಟೆಯೇ. ಜಪಾನು, ಹಾಂಗ್‌ಕಾಂಗ್, ಪಾಕಿಸ್ತಾನ, ಭಾರತ ಇವುಗಳ ಬಟ್ಟೆ ಅಗ್ಗವಾಗಿ ಹೋಗಿ ಇಳಿಯತೊಡಗಿದ ಕೂಡಲೇ, ಮುಕ್ತ ವ್ಯಾಪಾರದ ಪಾಠವನ್ನು ಊರಿಗೆಲ್ಲ ಹೇಳುತ್ತಿದ್ದ ದೇಶಗಳಿಗೆ ಹನ್ನೊಂದನೆಯ ವಿಧಿ ಮರೆತುಹೋಯಿತು. "ಮಾರುಕಟ್ಟೆಯ ಅಸ್ತವ್ಯಸ್ತ" ಎಂಬ ಹೊಸ ಮಾತನ್ನು 1960ರಲ್ಲಿ ಕಂಡುಹಿಡಿದರು. 1961ರಲ್ಲಿ ಅಲ್ಪಕಾಲದ ಏರ್ಪಾಡು ಎಂದು ಒಂದು ವರ್ಷಕ್ಕೆ ಕೋಟಾ ತಂದರು. ಮರುವರ್ಷ ಅದೇ ದೀರ್ಘಕಾಲದ ಏರ್ಪಾಡಾಯಿತು. 1974ರಲ್ಲಿ ಹತ್ತಿಯ ಜೊತೆಗೆ ಉಣ್ಣೆ, ಕೃತಕ ನೂಲು ಎಲ್ಲವೂ ಸೇರಿ ಬಹುನೂಲು ಒಪ್ಪಂದವಾಯಿತು. ಅದು 1994ರ ಕೊನೆಯವರೆಗೆ ನಡೆಯಿತು. ಆಮೇಲೆ ಅದನ್ನು ಬಿಡಿಸುವುದಕ್ಕೆಂದು ಹತ್ತು ವರ್ಷ! ಒಂದು ವರ್ಷದ ನೆಂಟನೆಂದು ಬಂದವನು 43 ವರ್ಷ ಜಗಲಿ ಬಿಟ್ಟು ಏಳಲಿಲ್ಲ.

ಆ ಕೋಟಾ ಯಾರ ಮೇಲೆ? ಶ್ರೀಮಂತ ದೇಶಗಳು ತಮ್ಮ ತಮ್ಮೊಳಗೆ ಕೊಡುಕೊಳ್ಳುವ ಬಟ್ಟೆಯ ಮೇಲೆ ಬಹುಮಟ್ಟಿಗೆ ಇಲ್ಲ. ದೇಶ ದೇಶಕ್ಕೆ, ಬಗೆ ಬಗೆಯ ಬಟ್ಟೆಗೆ ಬೇರೆ ಬೇರೆ ಅಂಕಿ ಹಾಕಿ ಕಟ್ಟಿದ್ದು ಬಡದೇಶಗಳನ್ನು. ಎಲ್ಲ ಗಿರಾಕಿಗೂ ಒಂದೇ ದರವೆಂಬ ಒಂದನೆಯ ವಿಧಿಯೂ ಹೋಯಿತು, ಬಾಗಿಲು ಮುಚ್ಚಬೇಡವೆಂಬ ಹನ್ನೊಂದನೆಯ ವಿಧಿಯೂ ಹೋಯಿತು. ಇಲ್ಲಿ ನಮ್ಮ ಮನೆಯೊಳಗಿನ ಮಾತೂ ಒಂದಿದೆ. ಕೋಟಾ ಬಂದಾಗ ನಮ್ಮ ದೇಶದ ಹಳೆಯ ರಫ್ತುದಾರರು ಅತ್ತರೆಂದು ಯಾರೂ ಭಾವಿಸಬೇಕಾಗಿಲ್ಲ. ಕೋಟಾ ಚೀಟಿಯೇ ಕೈಯಿಂದ ಕೈಗೆ ಮಾರುವ ಸರಕಾಯಿತು. ಒಂದು ಗಜ ನೇಯದವನೂ ಚೀಟಿಯ ಮೇಲಿನ ಲಾಭದಲ್ಲಿ ಹಾಯಾಗಿದ್ದ; ನೇಯ್ದವನ ಕೂಲಿ ಇದ್ದಲ್ಲೇ ಇತ್ತು.

ಬಿಡಿಸುವ ಹತ್ತು ವರ್ಷದ ಚಮತ್ಕಾರವನ್ನೂ ಹೇಳಬೇಕು. 1995ರಲ್ಲಿ ನೂರಕ್ಕೆ 16 ಭಾಗ, 1998ರಲ್ಲಿ 17, 2002ರಲ್ಲಿ 18, ಉಳಿದ 49 ಕೊನೆಯ ದಿನಕ್ಕೆ ಎಂದು ಒಪ್ಪಂದವಾಗಿತ್ತು. ಯಾವ ಬಟ್ಟೆಯನ್ನು ಮೊದಲು ಬಿಡಬೇಕೆಂಬುದು ಕೊಳ್ಳುವ ದೇಶದ ಇಷ್ಟ. ಅಮೆರಿಕವೂ ಯೂರೋಪೂ ಮೊದಲ ಕಂತಿನಲ್ಲಿ ಬಿಟ್ಟ ಸರಕುಗಳಾವುವೂ ಅದುವರೆಗೆ ಕೋಟಾದೊಳಗೆ ಇದ್ದುವೇ ಅಲ್ಲ! ಕಟ್ಟಿರದ ಎತ್ತಿನ ಹಗ್ಗ ಬಿಚ್ಚಿ ಪುಣ್ಯ ಕಟ್ಟಿಕೊಂಡಂತೆ. ಕೋಟಾ ಪೂರಾ ಹೋದದ್ದು 2005ರ ಜನವರಿ 1ರಂದು. ಅದೇ ವರ್ಷ ಜೂನ್‌ನಲ್ಲಿ ಯೂರೋಪು ಚೀನಾದ ಜವಳಿಗೆ ಮತ್ತೆ ಮಿತಿ ಹಾಕಿಸಿತು.

ಬಟ್ಟೆ ಹೀಗಾದರೆ ಅರಳೆಯ ಪಾಡೇನು? 1955ರಲ್ಲಿಯೇ ಅಮೆರಿಕವು ತನ್ನ ಬೇಸಾಯದ ಆಮದು ತಡೆಗಳನ್ನು ಗ್ಯಾಟ್ ನಿಯಮದಿಂದ ಹೊರಗಿಡಿಸಿಕೊಂಡು ಬಂದಿತ್ತು. ನಿಯಮ ಬರೆದವನೇ ಮೊದಲ ವಿನಾಯಿತಿಯ ಅರ್ಜಿದಾರ. 2000ದ ಸುಮಾರಿಗೆ ಅಮೆರಿಕದ ಹತ್ತಿ ಬೆಳೆಗಾರರು ಸುಮಾರು 25 ಸಾವಿರ ಮಂದಿ. ಜಗತ್ತಿನ ಅತಿ ದೊಡ್ಡ ಅರಳೆ ರಫ್ತುದಾರರು ಅವರೇ. ನಾಲ್ಕು ವರ್ಷಗಳ ಅವಧಿಯಲ್ಲಿ ಅವರಿಗೆ 1,200 ಕೋಟಿ ಡಾಲರಿಗೂ ಮೀರಿದ ಸರ್ಕಾರಿ ಸಹಾಯ ಸಿಕ್ಕಿದೆ, ಅದರಿಂದ ಲೋಕದ ಮಾರುಕಟ್ಟೆಯಲ್ಲಿ ಅರಳೆಯ ಬೆಲೆ ಬಿದ್ದಿದೆ ಎಂದು ಬ್ರೆಜಿಲ್ ದೇಶ 2002ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ಫಿರ್ಯಾದು ಹೂಡಿತು. ಬ್ರೆಜಿಲ್ ಗೆದ್ದಿತು. 2005ರ ಮಾರ್ಚಿಯಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು.

ಗೆದ್ದ ಮೇಲೆ ಏನಾಯಿತೆಂಬುದೇ ಕಥೆಯ ಸ್ವಾರಸ್ಯ. ಅಮೆರಿಕವು ಒಂದೆರಡು ಸಹಾಯವನ್ನು ನಿಲ್ಲಿಸಿ ಉಳಿದುದನ್ನು ನಡೆಸಿಕೊಂಡು ಹೋಯಿತು. ಪ್ರತಿಯಾಗಿ ಅಮೆರಿಕದ ಸರಕಿನ ಮೇಲೆ ಸುಂಕ ಹಾಕಲು 2009ರಲ್ಲಿ ಬ್ರೆಜಿಲಿಗೆ ಹಕ್ಕು ಸಿಕ್ಕಿತು. ಬ್ರೆಜಿಲ್ ದೊಡ್ಡ ದೇಶ. ಹಾಕುತ್ತೇನೆಂದು ಪಟ್ಟಿಯನ್ನೇ ಹೊರಡಿಸಿತು. ಆಗ ಅಮೆರಿಕವು ತನ್ನ ರೈತರ ಸಹಾಯವನ್ನು ನಿಲ್ಲಿಸಿತೆಂದುಕೊಂಡಿರಾ? ಇಲ್ಲ. 2010ರಲ್ಲಿ ಬ್ರೆಜಿಲಿನ ಹತ್ತಿ ಬೆಳೆಗಾರರಿಗೂ ವರ್ಷಕ್ಕೆ 14.73 ಕೋಟಿ ಡಾಲರ್ ಕೊಡಲು ಒಪ್ಪಿತು! 2014ರಲ್ಲಿ 30 ಕೋಟಿ ಡಾಲರ್ ಇಡಿಗಂಟಾಗಿ ಕೊಟ್ಟು ವ್ಯಾಜ್ಯ ಮುಗಿಸಿತು. ಕಳವಿನ ಮಾಲನ್ನು ಹಿಂದಕ್ಕೆ ಕೊಡದೆ, ಸಾಕ್ಷಿ ಹೇಳಬಂದವನಿಗೆ ಪಾಲು ಕೊಟ್ಟು ಕಳುಹಿಸಿದಂತಾಯಿತು.

ಇದೇ ಅರಳೆಯನ್ನು ಬೆಳೆಯತಕ್ಕ ಬೆನಿನ್, ಬುರ್ಕಿನಾ ಫಾಸೊ, ಮಾಲಿ, ಚಾಡ್ ಎಂಬ ನಾಲ್ಕು ಬಡ ದೇಶಗಳಿಗೆ ಏನು ಸಿಕ್ಕಿತು? 2003ರ ಜೂನ್‌ನಲ್ಲಿ ಬುರ್ಕಿನಾ ಫಾಸೊದ ಅಧ್ಯಕ್ಷರೇ ಜಿನೀವಾಕ್ಕೆ ಹೋಗಿ, ನಮಗೆ ದಾನ ಬೇಡ, ನಿಮ್ಮ ನಿಯಮವನ್ನೇ ನೀವು ಪಾಲಿಸಿ ಎಂಬ ಅರ್ಥದಲ್ಲಿ ಕೇಳಿದರು. ಅದೇ ಸೆಪ್ಟೆಂಬರಿನಲ್ಲಿ ಮೆಕ್ಸಿಕೋದ ಕ್ಯಾನ್‌ಕುನ್ ಸಮ್ಮೇಳನದಲ್ಲಿ ದೊಡ್ಡವರು ಮುಂದಿಟ್ಟ ಕರಡಿನಲ್ಲಿ ಇದ್ದ ಉತ್ತರವೆಂದರೆ, ಈ ದೇಶಗಳು ಹತ್ತಿಯಿಂದ ಬೇರೆ ಬೆಳೆಗೆ ಹೊರಳುವುದಕ್ಕೆ ನೆರವು ಕೊಡೋಣ ಎಂಬುದು. ಅಂದರೆ ತಕ್ಕಡಿ ಸುಳ್ಳೆಂದು ಹೇಳಬಂದವನಿಗೆ ನೀನು ಅಂಗಡಿ ಮುಚ್ಚು ಎಂಬ ಸಲಹೆ. ಸಮ್ಮೇಳನ ಮುರಿದುಬಿತ್ತು. ಬೀಳಲೇಬೇಕಾಗಿತ್ತು.

ಮಾಲಿ ದೇಶವೂ ಬ್ರೆಜಿಲಿನಂತೆ ದಾವಾ ಹೂಡಬಹುದಿತ್ತಲ್ಲ ಎಂದು ವಕೀಲರು ಕೇಳಿಯಾರು. ಹೂಡಿ ಗೆದ್ದರೆ ಮುಂದೇನು? ಈ ನ್ಯಾಯಸ್ಥಾನಕ್ಕೆ ಅಮೀನನಿಲ್ಲ, ಜಪ್ತಿಯಿಲ್ಲ. ಗೆದ್ದವನೇ ಸೋತವನ ಸರಕಿನ ಮೇಲೆ ಸುಂಕ ಹಾಕಿ ಸೇಡು ತೀರಿಸಿಕೊಳ್ಳಬೇಕು. ಒಂದು ಲಕ್ಷ ಜನರೂ ಇಲ್ಲದ ಆಂಟಿಗುವಾ ಮತ್ತು ಬಾರ್ಬುಡಾ ಎಂಬ ದ್ವೀಪದೇಶ ಅಮೆರಿಕದ ವಿರುದ್ಧ ಗೆದ್ದು, 2007ರಲ್ಲಿ ವರ್ಷಕ್ಕೆ 2.1 ಕೋಟಿ ಡಾಲರಿನಷ್ಟು ಪ್ರತಿಕ್ರಮದ ಹಕ್ಕನ್ನು ಪಡೆಯಿತು. ಅಷ್ಟು ಚಿಕ್ಕ ದೇಶ ಅಮೆರಿಕದ ಸರಕಿನ ಮೇಲೆ ಸುಂಕ ಹೇರಿದರೆ ಏಟು ಬೀಳುವುದು ತನ್ನದೇ ಜನದ ಅಡಿಗೆಮನೆಗೆ.

ನಾವು ಸೋತಾಗ ಹೇಗೆ ನಡೆಯಿತು? ವಿದೇಶಿ ವಿನಿಮಯದ ಅಭಾವದ ಕಾರಣದಿಂದ ಭಾರತವು 2,700ಕ್ಕೂ ಮೀರಿದ ಸರಕುಗಳ ಆಮದಿಗೆ ಮಿತಿ ಇಟ್ಟಿತ್ತು. ಅಮೆರಿಕ ದಾವಾ ಹೂಡಿತು. ಭಾರತದ ಬೊಕ್ಕಸದಲ್ಲಿ ಸಾಕಷ್ಟು ಹಣವಿದೆಯೆಂದು ಹಣಕಾಸು ನಿಧಿಯವರು ಅಭಿಪ್ರಾಯ ಕೊಟ್ಟರು. ಆ ನಿಧಿಯಲ್ಲಿ ಯಾರ ಓಟು ಎಷ್ಟೆಂಬುದನ್ನು ವಾಚಕರು ಮೇಲೆ ಓದಿದ್ದಾರೆ. 1999ರಲ್ಲಿ ಸೋತೆವು, 2001ರ ಏಪ್ರಿಲ್ 1ಕ್ಕೆ ಕೊನೆಯ ಮಿತಿಗಳನ್ನೂ ತೆಗೆದೆವು. ನಮಗೆ ಎರಡು ವರ್ಷದ ಒಳಗೆ ಮುಗಿದ ವಿಧೇಯತೆ ಅಮೆರಿಕಕ್ಕೆ ಅರಳೆಯಲ್ಲಿ ಒಂಬತ್ತು ವರ್ಷ ಹಿಡಿಯಿತು, ಅದೂ ಹಣ ಕೊಟ್ಟು!

ಇಷ್ಟಾದರೂ ಆ ನ್ಯಾಯಸ್ಥಾನ ತಮ್ಮನ್ನೂ ಒಮ್ಮೊಮ್ಮೆ ಸೋಲಿಸುತ್ತದೆಂಬುದೇ ದೊಡ್ಡವರಿಗೆ ಸಹಿಸಲಿಲ್ಲ. ಮೇಲ್ಮನವಿ ಮಂಡಲಿಯಲ್ಲಿ ಏಳು ಸ್ಥಾನ. ಒಂದು ಮೊಕದ್ದಮೆಗೆ ಮೂವರು ಬೇಕು. ಅವಧಿ ಮುಗಿದವರ ಜಾಗಕ್ಕೆ ಹೊಸಬರನ್ನು ನೇಮಿಸಲು ಅಮೆರಿಕ ಒಪ್ಪದೆ ಕೂತಿತು. ಸರ್ವಾನುಮತವಲ್ಲವೇ, ಒಬ್ಬ ಬೇಡವೆಂದರೂ ಆಗದು. ಮಾಲಿ ದೇಶಕ್ಕೆ ಉಪಯೋಗವಾಗದ ಆ ಅಸ್ತ್ರ ಇಲ್ಲಿ ಚೆನ್ನಾಗಿ ಉಪಯೋಗವಾಯಿತು. 2019ರ ಡಿಸೆಂಬರ್ 11ರಿಂದ ಮಂಡಲಿ ಕೆಲಸ ಮಾಡಲಾಗದೆ ನಿಂತಿದೆ. ಸೋತವನು ಮೇಲ್ಮನವಿ ಹಾಕಿದರಾಯಿತು, ಕೇಳುವವರಿಲ್ಲ. ಸಕ್ಕರೆಯ ಸಹಾಯದ ಮೊಕದ್ದಮೆಯಲ್ಲಿ ಸೋತ ಭಾರತ ಸರ್ಕಾರವೂ 2021ರಲ್ಲಿ ಇದೇ ಬಾವಿಗೆ ತನ್ನ ಮನವಿಯನ್ನು ಎಸೆದು ನಿರಾಳವಾಯಿತು. ಕಬ್ಬು ಬೆಳೆಯುವ ನಾಡಿನವರಾದ ನಮಗೆ ಅದರಿಂದ ಆದ ಅನುಕೂಲವನ್ನು ಮುಚ್ಚಿಡುವುದಿಲ್ಲ. ಆದರೆ ಮುರಿದ ನ್ಯಾಯಸ್ಥಾನದಿಂದ ದುರ್ಬಲನಿಗೆ ಬರುವ ಲಾಭ ಒಂದು ಹಬ್ಬದ ಊಟ. ಬಲಿಷ್ಠನಿಗೆ ಅದು ದಿನದ ಅನ್ನ.

2025ರಲ್ಲಿ ಇದರ ಫಲ ಕಣ್ಣಿಗೆ ಕಂಡಿತು. ಆ ವರ್ಷ ಆಗಸ್ಟ್ 7ರಂದು ಅಮೆರಿಕವು ಭಾರತದ ಸರಕಿನ ಮೇಲೆ ನೂರಕ್ಕೆ 25ರ ಹೆಚ್ಚಿನ ಸುಂಕ ಹಾಕಿ, ರಷ್ಯದ ಎಣ್ಣೆ ಕೊಂಡ ತಪ್ಪಿಗೆಂದು 27ರಂದು ಇನ್ನೂ 25 ಸೇರಿಸಿ ಐವತ್ತಕ್ಕೆ ಏರಿಸಿತು. ದೇಶಕ್ಕೊಂದು ದರ! ಪರಮಾಪ್ತ ರಾಷ್ಟ್ರದ ವಿಧಿ ಎಲ್ಲಿ ಹೋಯಿತೆಂದು ಕೇಳಲು ಪೂರ್ಣ ನ್ಯಾಯಸ್ಥಾನವೂ ಇರಲಿಲ್ಲ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ಕೆಲಸಕ್ಕೆ ಏಟು ಬಿತ್ತು. ಅದೇ ಆಗಸ್ಟ್ 19ರಿಂದ ದೆಹಲಿ ಸರ್ಕಾರವು ಪರದೇಶದ ಅರಳೆಯ ಮೇಲಿದ್ದ ನೂರಕ್ಕೆ 11ರ ಆಮದು ಸುಂಕವನ್ನು ತೆಗೆದು, ಆ ರಿಯಾಯಿತಿಯನ್ನು ಡಿಸೆಂಬರ್ 31ರವರೆಗೆ ಬೆಳೆಸಿತು. ಗಿರಣಿಗೆ ಅಗ್ಗದ ಅರಳೆ ಬಂದರೆ ಕಾರ್ಮಿಕನಿಗೆ ಒಳ್ಳೆಯದಲ್ಲವೇ ಎಂದು ಮಾಲೀಕರು ಕೇಳುತ್ತಾರೆ. ಗಿರಣಿಯ ಕಾರ್ಮಿಕನ ತಮ್ಮ ಹಾವೇರಿಯ ಕಡೆಯೋ ರಾಯಚೂರಿನ ಕಡೆಯೋ ಹತ್ತಿ ಬಿತ್ತಿ ಕೂತಿದ್ದಾನೆ. ಅವನ ಬೆಳೆ ಮಾರುಕಟ್ಟೆಗೆ ಬರುವ ತಿಂಗಳುಗಳೇ ಅವು. ಅಣ್ಣನ ಪಾಳಿ ಉಳಿಸುವ ನೆವದಲ್ಲಿ ತಮ್ಮನ ಬೆಲೆ ಇಳಿಸುವುದು, ಆಮೇಲೆ ಸಾಲಕ್ಕೆ ಸಿಕ್ಕಿದ ತಮ್ಮನೇ ಊರು ಬಿಟ್ಟು ಬಂದು ಅಣ್ಣನಿಗಿಂತ ಕಡಿಮೆ ಕೂಲಿಗೆ ಗಿರಣಿಯ ಬಾಗಿಲಲ್ಲಿ ನಿಲ್ಲುವುದು. ಈ ಲೆಕ್ಕ ನಮ್ಮ ಮಾಲೀಕರಿಗೆ ತಿಳಿಯದ್ದಲ್ಲ.

ಹಾಗಾದರೆ ಆ ಸಂಸ್ಥೆಯನ್ನೇ ಬಿಟ್ಟು ಹೊರಬನ್ನಿ ಎನ್ನುವ ಗೆಳೆಯರೂ ನಮ್ಮಲ್ಲಿದ್ದಾರೆ. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಕಛೇರಿಗೆ ನುಗ್ಗಿ ಕಡತಗಳನ್ನು ಸುಟ್ಟ ರೈತ ಸಂಘದವರ ಸಿಟ್ಟನ್ನು ನಾವು ಗೌರವಿಸುತ್ತೇವೆ. ಡಂಕೆಲ್ ಕರಡಿನಲ್ಲಿ ಏನಿದೆಯೆಂದು ಪಾರ್ಲಿಮೆಂಟಿನ ಅನೇಕ ಸದಸ್ಯರಿಗಿಂತ ಮೊದಲು ಹಳ್ಳಿಗೆ ತಿಳಿಸಿದವರು ಅವರು. ಆದರೂ ಈ ಒಂದು ಮಾತಿನಲ್ಲಿ ನಮ್ಮ ಅಭಿಪ್ರಾಯ ಬೇರೆ. ನಿಯಮವಿಲ್ಲದ ಬಯಲಿನಲ್ಲಿ ಅಮೆರಿಕದ ಎದುರು ಒಂಟಿಯಾಗಿ ನಿಲ್ಲುವುದೆಂದರೇನೆಂದು 2025ರ ಆಗಸ್ಟ್ ತಿಂಗಳೇ ತೋರಿಸಿದೆ. ಒಳಗಿದ್ದು, ಹತ್ತಿಯ ನಾಲ್ಕು ದೇಶಗಳಂಥವರೊಡನೆ ಕೂಡಿ, ತಕ್ಕಡಿಯನ್ನು ಸರಿಮಾಡಿಸಬೇಕು.

ಅದಕ್ಕೆ ಮೊದಲು ದೆಹಲಿಯಲ್ಲಿ ಆಗಬೇಕಾದ ಕೆಲಸವೊಂದಿದೆ. 1994ರ ಏಪ್ರಿಲ್ 15ರಂದು ಮೊರಾಕ್ಕೋದ ಮರಾಕೇಶ್ ನಗರದಲ್ಲಿ ನಮ್ಮ ಮಂತ್ರಿ ಸಹಿ ಹಾಕಿದರು. ಬೇಸಾಯ ನಮ್ಮ ಸಂವಿಧಾನದ ಪ್ರಕಾರ ರಾಜ್ಯಗಳ ವಿಷಯ; ಆದರೂ ಸಹಿಗೆ ಯಾವ ರಾಜ್ಯದ ಒಪ್ಪಿಗೆಯೂ ಬೇಕಾಗಲಿಲ್ಲ, ಪಾರ್ಲಿಮೆಂಟಿನ ಓಟೂ ಬೇಕಾಗಲಿಲ್ಲ. 253ನೆಯ ವಿಧಿಯು ಒಪ್ಪಂದವನ್ನು ಜಾರಿಗೆ ತರುವ ಕಾನೂನು ಮಾಡುವ ಅಧಿಕಾರವನ್ನು ಪಾರ್ಲಿಮೆಂಟಿಗೆ ಕೊಡುತ್ತದೆ; ಸಹಿ ಹಾಕುವ ಮೊದಲು ಕೇಳಿರೆಂದು ಹೇಳುವುದಿಲ್ಲ. 2025ರ ಜುಲೈ 24ರಂದು ಬ್ರಿಟನ್ನಿನೊಡನೆ ವ್ಯಾಪಾರ ಒಪ್ಪಂದಕ್ಕೆ ಸಹಿಯಾದದ್ದೂ ಹೀಗೆಯೇ. ಅದೇ ಒಪ್ಪಂದವನ್ನು ಬ್ರಿಟನ್ನಿನವರು ತಮ್ಮ 2010ರ ಕಾನೂನಿನಂತೆ ಪಾರ್ಲಿಮೆಂಟಿನ ಮುಂದೆ 21 ಅಧಿವೇಶನ ದಿನ ಇಡಬೇಕು. ನಮ್ಮನ್ನು ಆಳಿದವರ ಪಾರ್ಲಿಮೆಂಟಿಗೆ ಇರುವ ಈ ಹಕ್ಕು ನಮ್ಮ ಪಾರ್ಲಿಮೆಂಟಿಗೆ ಏಕಿಲ್ಲ?

ನಮ್ಮ ಬೇಡಿಕೆ ಇಷ್ಟು. ಯಾವ ವ್ಯಾಪಾರ ಒಪ್ಪಂದವಾದರೂ ಸಹಿಗೆ ಮೊದಲು ಪಾರ್ಲಿಮೆಂಟಿನ ಓಟಿಗೆ ಬರಲಿ. ಬೇಸಾಯದ ಭಾಗ ರಾಜ್ಯದ ವಿಧಾನಸಭೆಗೆ ಬರಲಿ. ಅದರ ಕನ್ನಡ ಪ್ರತಿ ಗಿರಣಿಯ ಕಾರ್ಮಿಕ ಸಂಘಕ್ಕೂ ಪೇಟೆಯ ವರ್ತಕರ ಸಂಘಕ್ಕೂ ಮುಂಚಿತವಾಗಿ ಸಿಗಲಿ. ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ಮುಂದಿನ ಸಲ ಓಟು ಕೇಳಲು ಗಿರಣಿಯ ಬಾಗಿಲಿಗೆ ಬಂದಾಗ, ಪಾಳಿ ಬಿಟ್ಟು ಬರುವವರು ಅವರನ್ನು ತಡೆದು ನಿಲ್ಲಿಸಿ ಕೇಳಲಿ: ಬ್ರಿಟನ್ನಿನ ಒಪ್ಪಂದದಲ್ಲಿ ಬಟ್ಟೆಗೆ ಏನಿದೆ, ಸ್ವಾಮಿ? ನೀವು ಅದನ್ನು ಓದಿದ್ದು ಸಹಿಗೆ ಮೊದಲೋ ಆಮೇಲೋ?