ವಾರ್ಡ್ ಮಾತು, ಭಾಗ 9: ಎದೆ ಕಾಯಿಲೆಗೆ ಹೊಟ್ಟೆಗ್ಯಾಕೆ ಸೂಜಿ?

"ಸಿಸ್ಟರ್, ತೊಂದರೆ ಇರೋದು ಎದೇಲಿ, ಹೊಟ್ಟೆಗ್ಯಾಕೆ ಸೂಜಿ?" ವೈರಲ್ ನ್ಯುಮೋನಿಯಾ ಆದವರು ಹೀಗೆ ಕೇಳಿದಾಗ "ಡಾಕ್ಟರ್ ಬರೆದಿದ್ದಾರೆ" ಅಂದು ಮುಂದಿನ ಬೆಡ್‌ಗೆ ಹೋಗಿಬಿಡ್ತೀವಿ. ಇದು ನಮ್ಮ ತಪ್ಪು ಅಂತಲೇ ನಾನು ಹೇಳೋದು.

ಶ್ವಾಸಕೋಶದ ಗಾಳಿಚೀಲಗಳ ಸುತ್ತ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆ ಇದೆ. ಕಾಯಿಲೆ ಜೋರಾದಾಗ ಅವುಗಳ ಒಳಪದರಕ್ಕೆ ಪೆಟ್ಟು ಬಿದ್ದು ರಕ್ತ ಅಲ್ಲಲ್ಲೇ ಹೆಪ್ಪುಗಟ್ಟುತ್ತೆ. ಗಾಳಿ ಒಳಗೆ ಹೋದರೂ ಆಕ್ಸಿಜನ್ ಹೊತ್ತೊಯ್ಯೋ ರಕ್ತ ಅಲ್ಲಿಗೆ ತಲುಪಲ್ಲ. 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡ 7 ಜನರ, ಫ್ಲೂನಿಂದ ತೀರಿಕೊಂಡ 7 ಜನರ ಶ್ವಾಸಕೋಶ ಹೋಲಿಸಿ ನೋಡಿದ್ರು. ಕೋವಿಡ್‌ನವರಲ್ಲಿ ಈ ಪುಟ್ಟ ಹೆಪ್ಪುಗಳು 9 ಪಟ್ಟು ಹೆಚ್ಚಿದ್ದವು.

ಜೊತೆಗೆ, ಮಲಗಿದ್ದಲ್ಲೇ ಇರೋರಿಗೆ ಕಾಲಿನ ನಾಳದಲ್ಲೂ ಹೆಪ್ಪು ಕಟ್ಟೋ ಭಯ. ಅದಕ್ಕೇ ದಿನಾ ಹೆಪಾರಿನ್ ಸೂಜಿ.

ಹಾಗಂತ ಜಾಸ್ತಿ ಕೊಟ್ಟರೆ ಜಾಸ್ತಿ ಗುಣ ಅಂತಲ್ಲ. 2021ರ ಟ್ರಯಲ್‌ಗಳಲ್ಲಿ ಐಸಿಯು ಸೇರಿದ ಕೋವಿಡ್ ರೋಗಿಗಳಿಗೆ ಪೂರ್ತಿ ಡೋಸ್ ಹೆಪಾರಿನ್ ಕೊಟ್ಟರೂ ಮಾಮೂಲಿ ಡೋಸ್‌ಗಿಂತ ಲಾಭ ಆಗಲಿಲ್ಲ. ಬ್ರಿಟನ್‌ನ ರಿಕವರಿ ಟ್ರಯಲ್‌ನಲ್ಲಿ ಆಸ್ಪಿರಿನ್‌ನಿಂದ ಸಾವು ಕಡಿಮೆಯಾಗಲಿಲ್ಲ.

ಕಾರಣ ಹೇಳದಿದ್ರೆ ಏನಾಗುತ್ತೆ? ಒಬ್ಬರು ಸೂಜಿಯೇ ಬೇಡ ಅಂತಾರೆ. ಇನ್ನೊಬ್ಬರು ವಾಟ್ಸಾಪ್ ನಂಬಿ ಊರಲ್ಲಿರೋ ಅಮ್ಮನಿಗೆ ರಕ್ತ ತೆಳು ಮಾಡೋ ಮಾತ್ರೆ ತರಿಸಿಕೊಡ್ತಾರೆ. ಒಂದು ಕಡೆ ಹೆಪ್ಪಿನ ಅಪಾಯ, ಇನ್ನೊಂದು ಕಡೆ ರಕ್ತಸ್ರಾವದ್ದು.

ಸೂಜಿ ರೆಡಿ ಮಾಡೋ ಹೊತ್ತಲ್ಲೇ ಇಷ್ಟು ಹೇಳಬಹುದು. ನರ್ಸ್ ಬಂಧುಗಳೇ, ಹೇಳಿ. ರೋಗಿಗಳ ಮನೆಯವರೇ, ನಾವು ಹೇಳದಿದ್ರೆ ಬಿಡಬೇಡಿ, ಕೇಳಿ.