ಮೂಳೆ ಡಾಕ್ಟ್ರು ಪರೀಕ್ಷೆಗೆ ಎಷ್ಟು ಪುಸ್ತಕ ಬೇಕ್ರವ್ವಾ?

ದಾವಣಗೆರೆಗೆ 1965ರಾಗೆ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಬಂದಾಗಿಂದ ನಮ್ ಸುತ್ತಲ ಹಳ್ಳಿ ಮನಿಗಳಾಗೂ ಡಾಕ್ಟ್ರು ಓದೋ ಮಕ್ಳು ಅದಾರೆ. ನಮ್ ತಂಗಿ ಮಗಳು ಎಂ.ಎಸ್. ಆರ್ಥೋ ಓದ್ತಾಳೆ, ಅಂದ್ರೆ ಮೂಳೆ, ಕೀಲು ಆಪರೇಷನ್ ಮಾಡೋ ಓದು. ಮೂರು ವರ್ಷದ ಕೋರ್ಸು, ಇದು ಕಡೀ ವರ್ಷ. ಪರೀಕ್ಷೆಗೆ ಎರಡೇ ತಿಂಗಳು ಐತಿ.

ಹೋದ ಭಾನುವಾರ ಕಡರನಾಯಕನಹಳ್ಳಿಗೆ ಬಂದಿದ್ಲು. ಬ್ಯಾಗ್ ತೆಗೆದ್ರೆ ಐದು ದಪ್ಪ ಪುಸ್ತಕ. "ದೊಡ್ಡವ್ವಾ, ಎಲ್ಲಾ ಅರ್ಧರ್ಧ ಓದೀನಿ, ಒಂದೂ ತಲ್ಯಾಗೆ ನಿಲ್ವಲ್ದು" ಅಂತ ಅತ್ತೇ ಬಿಟ್ಲು. ನಮ್ ತಂಗಿ ಏನಂದ್ಲು ಗೊತ್ತಾ? "ಇನ್ನೊಂದು ಬೇಕಾದ್ರೆ ತಗೊಳ್ಳವ್ವಾ, ಭತ್ತ ಮಾರಿದ ದುಡ್ಡು ಐತಿ!"

ನಾನು ಡಾಕ್ಟ್ರಲ್ಲ. ಆದ್ರೂ ಒಂದೊಂದೇ ಪುಸ್ತಕ ಕೈಗೆ ತಗಂಡು, ಇದು ಯಾತಕ್ಕೆ ಅಂತ ಆಕಿನ್ನೇ ಕೇಳಿದೆ. ಮಹೇಶ್ವರಿ ಅವರದ್ದು, ಬೆಂಗಳೂರಿನ ಜಾನ್ ಎಬ್ನೇಜರ್ ಅವರದ್ದು, ಎರಡೂ ಎಂ.ಬಿ.ಬಿ.ಎಸ್. ಇದ್ದಾಗ ತಗಂಡಿದ್ದು. ಮಿಲ್ಲರ್ ಅಮೆರಿಕದವರ ಪರೀಕ್ಷೆ ನೋಡ್ಕೊಂಡು ಬರೆದದ್ದು, ಪಾಯಿಂಟು ಪಾಯಿಂಟು ಐತಿ. ಕ್ಯಾಂಪ್‌ಬೆಲ್ ಅಂತೂ ನಾಕು ಭಾಗದ ಗ್ರಂಥ, 1939ರಾಗೆ ಮೊದ್ಲು ಬಂದದ್ದು. ಆಪರೇಷನ್ ಹೆಂಗೆ ಮಾಡ್ಬೇಕು ಅಂತ ತೆಗೆದು ನೋಡೋಕೆ, ಸಾಲಾಗಿ ಓದೋಕಲ್ಲ. ಉಳಿದದ್ದು ಆಪ್ಲೆ.

ಈ ಆಪ್ಲೆ ಕತಿ ನಂಗೆ ಬಾಳ ಹಿಡಿಸ್ತು. ಆ ಡಾಕ್ಟ್ರು ಇಂಗ್ಲೆಂಡಿನ ಪಿರ್‌ಫರ್ಡ್ ಆಸ್ಪತ್ರ್ಯಾಗೆ, ಪರೀಕ್ಷೆಗೆ ಕೂರೋ ಡಾಕ್ಟ್ರುಗಳಿಗೆ ಪಾಠ ಹೇಳ್ತಿದ್ರಂತೆ. ಆ ಪಾಠದ ನೋಟ್ಸೇ ಬೆಳೆದು 1959ರಾಗೆ ಪುಸ್ತಕ ಆತು. ರೋಗಿ ಬಂದ್ರೆ ಮೊದ್ಲು ನೋಡು, ಆಮೇಲೆ ಮುಟ್ಟು, ಆಮೇಲೆ ಆಡಿಸು ಅನ್ನೋದು ಆತನ ಪಾಠ.

"ನನ್ ಮಂಡಿ ನೋಡು ಮತ್ತೆ" ಅಂತ ಕಾಲು ಚಾಚಿದೆ. ಬಾವು ಐತೇನು ಅಂತ ನೋಡಿದ್ಲು, ಬಿಸಿ ಐತೇನು ಅಂತ ಮುಟ್ಟಿದ್ಲು, ಮಡಚಿ ನೀಡಿಸಿದ್ಲು. ಯಾವ ಪುಸ್ತಕನೂ ತೆಗೀಲಿಲ್ಲ, ಪಟಪಟ ಹೇಳಿದ್ಲು. "ಇದು ಹೆಂಗೆ ಬಂತು?" ಅಂದೆ. "ಇದನ್ನ ಮೂರು ಸಲ ಓದೀನಿ, ವಾರ್ಡಿನಾಗೆ ದಿನಾ ಮಾಡ್ತೀನಿ" ಅಂದ್ಲು. ಉತ್ತರ ಆಕಿ ಬಾಯಾಗೇ ಇತ್ತು.

ಅದಕ್ಕೇ ನಾನು ಹೇಳೋದು: ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು. ಪರೀಕ್ಷೆ ಹತ್ರ ಬಂದಾಗ ಮೊದ್ಲೇ ಓದಿದ ಒಂದು ಪುಸ್ತಕನ್ನೇ ತಿರುಗಿ ತಿರುಗಿ ಓದ್ಬೇಕು. ಅದರಾಗೆ ಸಾಲದ್ದು ಕಂಡ್ರೆ, ಅಷ್ಟನ್ನೇ ದೊಡ್ಡ ಪುಸ್ತಕದಾಗೆ ನೋಡಿ, ಅದೇ ಹಾಳಿ ಅಂಚಿಗೆ ಬರ್ಕೊಬೇಕು. ಹಳೇ ಪ್ರಶ್ನೆಪತ್ರಿಕೆ ಇಟ್ಕೊಂಡು ಗಡಿಯಾರ ನೋಡಿ ಬರೀಬೇಕು. ಕ್ಲಿನಿಕಲ್ ಪರೀಕ್ಷ್ಯಾಗೆ ಮುಂದೆ ಇರೋದು ಮನುಷ್ಯರು, ಹಾಳಿ ಅಲ್ಲ.

"ಗೆಳತಿ ತಗಂಡಾಳೆ, ನೀನೂ ತಗೋ" ಅನ್ನೋದು ನಾವೇ, ತಾಯಂದ್ರು. ಪ್ರೀತಿಯಿಂದಲೇ ಅಂತೀವಿ. ಆದ್ರೆ ಕಡೀ ತಿಂಗಳು ಬರೋ ಹೊಸ ಪುಸ್ತಕ "ನೀನು ಓದಿದ್ದು ಸಾಲದು" ಅಂತ ಮಗಳಿಗೆ ಹೇಳ್ದಂಗೆ ಆಕ್ಕತಿ. ಆ ದುಡ್ಡು ಆಕಿ ಹಾಸ್ಟೆಲ್‌ನಾಗೆ ಹಾಲು ಹಣ್ಣಿಗಾಗ್ಲಿ.

ಸಂಜಿ ಬಸ್ಸಿಗೆ ಹೋಗುವಾಗ ಆಪ್ಲೆ ಒಂದೇ ಒಯ್ದ್ಲು. ಉಳಿದ ನಾಕು ನಮ್ ಅಟ್ಟದ ಮ್ಯಾಲೆ ಅದಾವು. ಬೇಕಂದ್ರೆ ಫೋನ್ ಮಾಡ್ತಾಳೆ, ನಾನೇ ತಗಂಡು ಹೋಗಿ ಕೊಟ್ಟು ಬರ್ತೀನಿ.